ಪುಸ್ತಕದ ಗಂಟು

(ಸಂಘದ ವಾರ್ಷಿಕೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಮಾರಬೇಕಾಗಿ ಬಂದ ಕಾದಂಬರಿಕಾರನ ಪಾಡೇನು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಈ ವಿಷಯದಲ್ಲಿ ನಮಗೆ ಪಾಂಡಿತ್ಯವಿಲ್ಲ, ಅನುಭವವುಂಟು. ನಮ್ಮ ಮನೆಯ ಮಂಚದ ಕೆಳಗೆ ಇಂದಿಗೂ ಆ ಅನುಭವದ ಎರಡು ಗಂಟುಗಳು ಕುಳಿತಿವೆ. ಆದಕಾರಣ ಪಾಂಡಿತ್ಯವನ್ನು ಬದಿಗಿಟ್ಟು, ನಡೆದುದನ್ನು ನಡೆದಂತೆ ನಿವೇದಿಸುತ್ತೇವೆ.

ಮೊದಲಿಗೆ ಹಿರಿಯರ ಸ್ಮರಣೆ ಮಾಡೋಣ. ಕನ್ನಡದಲ್ಲಿ ಈ ದಾರಿಯನ್ನು ತುಳಿದವರಲ್ಲಿ ನಾವು ಮೊದಲಿಗರೂ ಅಲ್ಲ, ಕಡೆಯವರೂ ಅಲ್ಲ. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ನಮ್ಮಂತೆಯೇ ಕನ್ನಡ ಶಾಲೆಯ ಮಾಸ್ತರರು. ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಓದುಬರಹ ಬಲ್ಲವರ ಕೈಯಲ್ಲಿ ಮರಾಠಿ ಪುಸ್ತಕಗಳೇ ಹೆಚ್ಚಾಗಿದ್ದ ಕಾಲವದು. ಅಂಥ ಕಾಲದಲ್ಲಿ ಅವರು ಕಾದಂಬರಿಗಳನ್ನು ಬರೆದರು, ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ಯನ್ನು ಹೊರಡಿಸಿದರು, ಅಷ್ಟಕ್ಕೆ ನಿಲ್ಲದೆ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟುಕೊಂಡಿದ್ದರು. ಮಾಸ್ತಿಯವರು ತಮ್ಮದೇ ಆದ ಜೀವನ ಕಾರ್ಯಾಲಯದಿಂದ ತಮ್ಮ ಕೃತಿಗಳನ್ನು ಪ್ರಕಟಿಸಿದರು. ನಮ್ಮಂತೆಯೇ ಗಡಿಯ ಆಚೆ ಉಳಿದ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ (1936-2023) ಅವರು ಚಂದ್ರಗಿರಿ ಪ್ರಕಾಶನವೆಂಬ ಹೆಸರಿನಲ್ಲಿ ತಾವೇ ಪ್ರಕಾಶಕರಾದರು.

ಇನ್ನೊಬ್ಬ ಮಾಸ್ತರರನ್ನೂ ನೆನೆಯಬೇಕು. ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು, ಎಂದರೆ ನಮ್ಮ ಮುದ್ದಣ ಕವಿ, ತಾವು ಬರೆದುದನ್ನು ತಮ್ಮದೆಂದು ಹೇಳಿಕೊಳ್ಳಲಾರದೆ, ಯಾವುದೋ ಹಳೆಯ ಗ್ರಂಥ ದೊರೆಯಿತೆಂಬಂತೆ ಮೈಸೂರಿಗೆ ಕಳುಹಿಸಿ ಅಚ್ಚು ಮಾಡಿಸಿದರು. 1901ರಲ್ಲಿ, ಮೂವತ್ತೊಂದರ ಆಸುಪಾಸಿನಲ್ಲಿ, ಕ್ಷಯದಿಂದ ತೀರಿಹೋದರು. ಒಬ್ಬರು ಹೆಸರನ್ನೇ ಮುಚ್ಚಿಟ್ಟರು. ಒಬ್ಬರು ಬೀದಿಯಲ್ಲಿ ನಿಂತು ಕೂಗಿ ಮಾರಿದರು. ಸ್ವಂತ ಪುಸ್ತಕವನ್ನು ಕೈಯಲ್ಲಿ ಹಿಡಿದವನ ಮನಸ್ಸು ಈ ಇಬ್ಬರ ನಡುವೆ ತೂಗಾಡುತ್ತಿರುತ್ತದೆಂಬುದನ್ನು ನಾವು ಅನುಭವದಿಂದ ಬಲ್ಲೆವು.

ಇನ್ನು ನಮ್ಮ ಕಥೆ. ಈ ಬೆಟ್ಟದ ಬದುಕನ್ನು ಕುರಿತ ಒಂದು ಕಾದಂಬರಿಯನ್ನು ಏಳು ವರ್ಷ ಬರೆದೆವು. ಹಸ್ತಪ್ರತಿಯನ್ನು ಇಬ್ಬರು ಪ್ರಕಾಶಕರು ಮರಳಿಸಿದರು. ಮೂರನೆಯವರು ಹಣ ಕೊಟ್ಟರೆ ಪ್ರಕಟಿಸುವೆವೆಂದರು. ಹಣವನ್ನು ನಾವೇ ಹಾಕುವುದಾದರೆ ಹೆಸರೂ ನಮ್ಮದೇ ಇರಲಿ ಎಂಬ ಹಟ ಹುಟ್ಟಿತು. ಮನೆಯವರು ಮಾತನಾಡದೆ ಎರಡು ಜೊತೆ ಬಳೆಗಳನ್ನು ತೆಗೆದುಕೊಟ್ಟರು. ಅವು ಗಿರವಿಗೆ ಹೋದವು.

ಲೆಕ್ಕವನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಹದಿನಾರು ಪುಟಕ್ಕೆ ಒಂದು ಫಾರಂ; 240 ಪುಟಗಳ ಪುಸ್ತಕವೆಂದರೆ ಹದಿನೈದು ಫಾರಂ. ಕಾಗದ, ಅಕ್ಷರಜೋಡಣೆ, ಅಚ್ಚು, ಹೊದಿಕೆ, ಹೊಲಿಗೆ ಎಲ್ಲವೂ ಸೇರಿ ಐನೂರು ಪ್ರತಿಗಳಿಗೆ ಅರವತ್ತು ಸಾವಿರ ರೂಪಾಯಿ; ಪ್ರತಿಯೊಂದಕ್ಕೆ ನೂರಿಪ್ಪತ್ತು. ಬೆಲೆ ಇನ್ನೂರು ಎಂದು ನಮೂದಿಸಿ, ಎಂಬತ್ತು ರೂಪಾಯಿ ಲಾಭವೆಂದು ಹಿಗ್ಗಿದೆವು. ಅಂಗಡಿಯವರು ಕೇಳಿದ ಸೋಡಿ ಶೇಕಡಾ ನಲವತ್ತು, ಎಂದರೆ ಎಂಬತ್ತು ರೂಪಾಯಿ! ಉಳಿದದ್ದು ಅದೇ ನೂರಿಪ್ಪತ್ತು. ಸಾಗಣೆಯ ವೆಚ್ಚವೂ ಗಿರವಿಯ ಬಡ್ಡಿಯೂ ಮೇಲಿನ ನಷ್ಟ. ವ್ಯಾಕರಣದಲ್ಲಿ ಲೋಪಸಂಧಿಯನ್ನು ಇಪ್ಪತ್ತು ವರ್ಷ ಬೋಧಿಸಿದ ನಮಗೆ ವ್ಯಾಪಾರದ ಲೋಪಸಂಧಿ ಅಂದು ಅರ್ಥವಾಯಿತು.

ಪುಸ್ತಕ ಮೈಸೂರಿನಿಂದ ಬರಬೇಕಿತ್ತು. ಬಂಡೀಪುರದ ಕಾಡಿನ ಹಾದಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರಕ್ಕೆ ನಿಷೇಧವಿರುವುದನ್ನು ತಾವೆಲ್ಲರೂ ಬಲ್ಲಿರಿ. ವನ್ಯಮೃಗಗಳ ಹಿತಕ್ಕಾಗಿ ಆದ ಏರ್ಪಾಡು. ಅದನ್ನು ನಾವು ದೂರುವುದಿಲ್ಲ. ಆದರೆ ಬೈಂಡಿಂಗ್ ತಡವಾಗಿ, ಹತ್ತು ಗಂಟುಗಳನ್ನು ಹೊತ್ತ ಟೆಂಪೋ ಗಡಿಯ ತನಿಖಾ ಠಾಣೆಯನ್ನು ಮುಟ್ಟುವಷ್ಟರಲ್ಲಿ ಗೇಟು ಬಿದ್ದಿತ್ತು. ನಮ್ಮ ಏಳು ವರ್ಷದ ಶ್ರಮ ಆ ರಾತ್ರಿಯೆಲ್ಲ ತರಕಾರಿ ಲಾರಿಗಳ ಸಾಲಿನಲ್ಲಿ ಮಂಜು ಕುಡಿಯುತ್ತ ನಿಂತಿತು. ಬೆಳಿಗ್ಗೆ ಹೊರಟ ವಾಹನ ಗೂಡಲೂರನ್ನು ದಾಟಿ ನಡುವಟ್ಟದ ಏರಿನಲ್ಲಿ ಇಂಜಿನು ಕಾದು ನಿಂತುಬಿಟ್ಟಿತು. ಇತ್ತ ಉದಕಮಂಡಲದಲ್ಲಿ ಹತ್ತು ಗಂಟೆಗೆ ಬಿಡುಗಡೆಯ ಸಮಾರಂಭ. ಕರಡು ತಿದ್ದಲು ತಂದಿದ್ದ ಹಾಳೆಗಳನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ಅತಿಥಿಗಳ ಕೈಗೆ ಕೊಟ್ಟೆವು. ಅವರು ಗಂಭೀರವಾಗಿ ದಾರ ಬಿಚ್ಚಿ, ಸಭಿಕರಿಗೆ ತೋರಿಸಿ, ಮತ್ತೆ ಮುಚ್ಚಿಟ್ಟರು. ಪುಸ್ತಕ ಬಂದು ತಲಪಿದ್ದು ಒಂದು ಗಂಟೆಗೆ; ಸಭಿಕರು ಆಗಲೇ ಇಳಿದು ಹೋಗಿದ್ದರು.

ಮರುದಿನ ನೋಡುತ್ತೇವೆ, ಮೊದಲನೆಯ ಪುಟದಲ್ಲಿಯೇ ಎರಡು ಅಚ್ಚಿನ ತಪ್ಪುಗಳು! ಹೆಸರಿನ ಮುಂದೆ ವಿದ್ವಾನ್ ಎಂದು ಬೇರೆ ಹಾಕಿಸಿದ್ದೆವು. ಪ್ರಕಾಶಕನಿದ್ದರೆ ಅವನನ್ನು ಬಯ್ಯಬಹುದು. ನಾವೇ ಪ್ರಕಾಶಕರಾದಾಗ ಬಯ್ಯುವುದು ಯಾರನ್ನು? ತನ್ನ ಕಣ್ಣು ತನ್ನ ಬರಹದ ತಪ್ಪನ್ನು ಕಾಣದು. ಬೇಡವೆನ್ನುವವರು, ಈ ಅಧ್ಯಾಯ ಉದ್ದವಾಯಿತೆನ್ನುವವರು, ಇನ್ನೊಮ್ಮೆ ಬರೆಯಿರೆನ್ನುವವರು ಯಾರೂ ಇಲ್ಲದಿರುವುದು ಮೇಲುನೋಟಕ್ಕೆ ಸ್ವಾತಂತ್ರ್ಯ. ನಡುರಾತ್ರಿಯಲ್ಲಿ ಎಚ್ಚರವಾದಾಗ ಅದೇ ಭಯ. ಆ ಇಬ್ಬರು ಪ್ರಕಾಶಕರು ಹೇಳಿದ್ದೇ ಸರಿಯಾಗಿತ್ತೇನೋ ಎಂಬ ಸಂಶಯ ಈ ಹೊತ್ತಿಗೂ ನಮ್ಮನ್ನು ಪೂರ್ತಿ ಬಿಟ್ಟಿಲ್ಲ.

ಆಮೇಲೆ ಬಂದದ್ದು ಮೌನ. ಸಿಕ್ಕವರೆಲ್ಲ ಶುಭಾಶಯ ಹೇಳುವರು. ನಮಗೊಂದು ಪ್ರತಿ ಇಲ್ಲವೇ ಎಂದು ಕೇಳುವರು. ಕೊಟ್ಟರೆ ಓದಿದೆನೆಂದು ಹೇಳುವವರಿಲ್ಲ. ಒಬ್ಬ ಸ್ನೇಹಿತರ ಮನೆಯಲ್ಲಿ ಅದು ಅಲುಗುವ ಮೇಜಿನ ಕಾಲಿಗೆ ಒತ್ತುಗೊಟ್ಟಿತ್ತು. ಒಂದು ಅಂಗಡಿಗೆ ಕೊಟ್ಟ ಅರವತ್ತು ಪ್ರತಿಗಳ ಲೆಕ್ಕ ಇಂದಿಗೂ ಬಂದಿಲ್ಲ. ಗ್ರಂಥಾಲಯಗಳಿಗೆ ಬರೆದೆವು. ಗಡಿಯ ಆಚೆಯ ಕಚೇರಿಯೊಂದಕ್ಕೆ ನಾವು ಹೊರರಾಜ್ಯದವರು. ಈಚೆಯ ಕಚೇರಿಯೊಂದಕ್ಕೆ ನಮ್ಮ ಪುಸ್ತಕ ಹೊರಭಾಷೆಯದು. ಅಷ್ಟರಲ್ಲಿ ಮಳೆಗಾಲ ಬಂದಿತು. ಈ ಬೆಟ್ಟದ ಥಂಡಿಗೆ ಕಾಗದ ಬೂಷ್ಟು ಹಿಡಿಯಿತು. ಮನೆಯವರು ಬಿಸಿಲು ಕಂಡಾಗಲೆಲ್ಲ ಪುಸ್ತಕಗಳನ್ನು ಹಪ್ಪಳದಂತೆ ಹರಡಿ ಒಣಗಿಸಿದರು. ಆದರೂ ನಲವತ್ತೆಂಟು ಪ್ರತಿಗಳು ಕೈಬಿಟ್ಟವು.

ಒಟ್ಟು ಲೆಕ್ಕವಿಷ್ಟು: ನಾವೇ ಹೊತ್ತು ಮಾರಿದ್ದು 140, ಅಂಗಡಿಗಳಿಂದ ಹಣ ಬಂದದ್ದು 72, ಕೊಡುಗೆ 90, ಲೆಕ್ಕಕ್ಕೆ ಸಿಗದ್ದು 60, ಬೂಷ್ಟಿನ ಪಾಲು 48, ಮಂಚದ ಕೆಳಗೆ 90. ಬಂದ ಹಣ 36,640. ನಷ್ಟ 23,360 ರೂಪಾಯಿ. ಬಳೆಗಳು ಮನೆಗೆ ಮರಳಲು ಮೂರು ವರ್ಷ ಹಿಡಿಯಿತು. ಕೊಡುಗೆಯ ತೊಂಬತ್ತರಲ್ಲಿ ನಾಲ್ಕು ಪ್ರತಿಗಳನ್ನು ಮಾತ್ರ ಅಭಿಮಾನದಿಂದ ಕಳುಹಿಸಿದೆವು. 1954ರ ಪುಸ್ತಕ ಸಲ್ಲಿಕೆಯ ಕಾನೂನಿನಂತೆ ಪ್ರಕಾಶಕನಾದವನು ಕೊಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಸಲ್ಲಿಸಬೇಕು. ಆ ಮೂರರಲ್ಲಿ ಚೆನ್ನೈನ ಕನ್ನಿಮರಾ ಗ್ರಂಥಾಲಯವೂ ಒಂದು. ಬಳೆಯ ಪುಸ್ತಕ ಅಲ್ಲಿಯವರೆಗೂ ಹೋಯಿತಲ್ಲ ಎಂದು ಮನೆಯವರು ಸಂತೋಷಪಟ್ಟರು.

ಮಹನೀಯರೇ, ಇಷ್ಟೇ ಆಗಿದ್ದರೆ ಈ ಕಥೆಯನ್ನು ಇಲ್ಲಿ ಹೇಳುತ್ತಿರಲಿಲ್ಲ. ನಾವೇ ಮಾರಿದ ಆ ನೂರನಲವತ್ತರಲ್ಲಿ ಒಂದರ ವಿಚಾರವನ್ನು ಹೇಳಬೇಕು.

ಒಂದು ಭಾನುವಾರ ಕೈಚೀಲದಲ್ಲಿ ಹದಿನೈದು ಪ್ರತಿಗಳನ್ನು ತುಂಬಿಕೊಂಡು, ಕಲ್ಹಟ್ಟಿಯ ತಿರುವುಗಳನ್ನಿಳಿದು ಮಸಿನಗುಡಿಗೆ ಹೋದೆವು. ಒಂದು ಮನೆಯ ಜಗುಲಿಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು, ಈ ಕಡೆಯ ಕಥೆಯೆಂದು ಕೇಳಿ, ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ ಎಣಿಸಿಕೊಟ್ಟರು. ಅವರಿಗೆ ಓದು ಬಾರದು. ಮೊಮ್ಮಗ ಓದಿ ಹೇಳುತ್ತಾನೆಂದರು. ತಿಂಗಳ ಮೇಲೆ ಮತ್ತೆ ಆ ದಾರಿಯಲ್ಲಿ ಹೋದಾಗ ಪುಸ್ತಕವನ್ನು ತಂದು ನಮ್ಮ ಕೈಯಲ್ಲಿಟ್ಟರು.

“ಹುಡುಗನಿಗೆ ಕನ್ನಡ ಅಕ್ಷರ ಬರಕಿಲ್ವಂತೆ, ಮೇಷ್ಟ್ರೇ. ನಂಗೆ ಗೊತ್ತೇ ಇರಲಿಲ್ಲ. ದುಡ್ಡು ಬ್ಯಾಡ, ಪುಸ್ತಕ ಓದೋರಿಗೆ ಕೊಡಿ” ಎಂದರು.

ಹುಡುಗ ಬಾಗಿಲ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಅಜ್ಜಿಯೊಡನೆ ಕನ್ನಡದಲ್ಲಿಯೇ ಆಡುವ, ಕನ್ನಡದಲ್ಲಿಯೇ ಅಳುವ ಮಗು. ಅಕ್ಷರ ಮಾತ್ರ ಬಾರದು. ಇದರಲ್ಲಿ ಅವನ ತಪ್ಪೇನೂ ಇಲ್ಲ. ತಮಿಳುನಾಡಿನ 2006ರ ಕಾನೂನಿನಂತೆ ಶಾಲೆಯಲ್ಲಿ ತಮಿಳನ್ನು ಕಲಿಯಬೇಕು. ಉದ್ಯೋಗಕ್ಕೆಂದು ಇಂಗ್ಲಿಷು ಬೇಕು. ಮೂರನೆಯದಕ್ಕೆ ವೇಳೆಯನ್ನು ಮನೆಯೇ ಕೊಡಬೇಕು. ನೆರೆಯ ಭಾಷೆಯನ್ನು ಕಲಿಯುವುದು ಒಳ್ಳೆಯದೇ. ಆದರೆ ಅಂದು ನಮಗೆ ಹೊಳೆದದ್ದಿಷ್ಟು: ಪುಸ್ತಕ ಮಾರಾಟವಾಗಲಿಲ್ಲವೆಂದು ಮೂರು ವರ್ಷ ಕೊರಗಿದೆವಲ್ಲ, ಮಾರಾಟವಾದ ಪ್ರತಿಯೂ ತೆರೆಯದೆ ಉಳಿಯಬಹುದೆಂಬುದನ್ನು ನಾವು ಎಣಿಸಿಯೇ ಇರಲಿಲ್ಲ.

ಹಣವನ್ನು ಅವರಿಗೆ ಮರಳಿಸಲಿಲ್ಲ, ಪುಸ್ತಕವನ್ನು ತೆಗೆದುಕೊಳ್ಳಲೂ ಇಲ್ಲ. ಅದೇ ಜಗುಲಿಯಲ್ಲಿ ಕುಳಿತು ಮೊದಲನೆಯ ಅಧ್ಯಾಯವನ್ನು ಓದಿದೆವು. ಮುಂದಿನ ಭಾನುವಾರ ಎರಡನೆಯದು. ಅಕ್ಕಪಕ್ಕದ ಮನೆಗಳವರು ಬಂದು ಸೇರಿದರು. ಹುಡುಗ ಮೊದಮೊದಲು ದೂರ ನಿಂತಿದ್ದವನು ಬರುಬರುತ್ತ ನಮ್ಮ ತೋಳಿನ ಬಳಿಗೆ ಬಂದು ಅಕ್ಷರದ ಮೇಲೆ ಬೆರಳಿಡತೊಡಗಿದನು. ಕಾದಂಬರಿ ಮುಗಿಯುವ ವೇಳೆಗೆ ಕಡೆಯ ಪುಟವನ್ನು, ತಡೆತಡೆದು, ಅವನೇ ಓದಿದನು. ಅಜ್ಜಿಗೆ ಕಥೆಯ ಮುಕ್ತಾಯ ಒಪ್ಪಿಗೆಯಾಗಲಿಲ್ಲ. ಆ ಹೆಣ್ಣುಮಗಳನ್ನು ಊರು ಬಿಡಿಸಬಾರದಿತ್ತೆಂದು ನಮ್ಮನ್ನು ಗದರಿಸಿದರು. ಅಷ್ಟು ನೇರವಾದ ವಿಮರ್ಶೆ ನಮಗೆ ಬೇರೆಲ್ಲಿಯೂ ದೊರೆಯಲಿಲ್ಲ.

ಗಳಗನಾಥರು ಹೊತ್ತ ಗಂಟಿನ ಅರ್ಥ ಆಗ ನಮಗೆ ತಿಳಿಯಿತು. ಅವರು ಪುಸ್ತಕವನ್ನು ಮಾರಿದ್ದು ಅರ್ಧ ಕೆಲಸ. ಕನ್ನಡದಲ್ಲಿಯೂ ಕಥೆ ಓದಬಹುದೆಂಬ ರೂಢಿಯನ್ನು ಮನೆಮನೆಗೆ ಮುಟ್ಟಿಸಿದ್ದು ಉಳಿದರ್ಧ. ಗಡಿನಾಡಿನ ಲೇಖಕನಿಗೆ ಈ ಎರಡನೆಯ ಅರ್ಧವನ್ನು ತಪ್ಪಿಸಿಕೊಳ್ಳುವಂತಿಲ್ಲ.

ಬರೆಯುವ ಹಂಬಲವುಳ್ಳ ತರುಣರಿಗೆ ಕೆಲವು ಮಾತುಗಳು. ಮನೆಯ ಒಡವೆಯನ್ನು ಮುಟ್ಟಬೇಡಿರಿ. ಈಗ ನೂರು ಪ್ರತಿಗಳನ್ನೂ ಅಚ್ಚು ಮಾಡಿಕೊಡುವ ಯಂತ್ರಗಳು ಬಂದಿವೆ. ಪ್ರತಿಯೊಂದರ ವೆಚ್ಚ ತುಸು ಹೆಚ್ಚಾದರೂ ಮಂಚದ ಕೆಳಗೆ ಬೂಷ್ಟು ಹಿಡಿಯುವುದು ತಪ್ಪುತ್ತದೆ. ಮುಂಗಡವಾಗಿ ಕೊಳ್ಳುವವರ ಪಟ್ಟಿ ಸಿದ್ಧವಾದ ಮೇಲೆ ಅಚ್ಚಿಗೆ ಕೊಡಿರಿ. ಕರಡನ್ನು ಬೇರೊಬ್ಬರಿಂದ ತಿದ್ದಿಸಿರಿ. ಹಸ್ತಪ್ರತಿಯನ್ನು ಮುಖದಾಕ್ಷಿಣ್ಯವಿಲ್ಲದ ಇಬ್ಬರಿಗಾದರೂ ಓದಲು ಕೊಡಿರಿ. ಅಂಗಡಿಗೆ ಕೊಟ್ಟುದಕ್ಕೆ ರಸೀದಿ ಪಡೆಯಿರಿ. ಪುಸ್ತಕ ಹೊರುವುದಕ್ಕೆ ನಾಚಬೇಡಿರಿ.

ತಾಯಂದಿರಲ್ಲಿಯೂ ಮಹನೀಯರಲ್ಲಿಯೂ ನಮ್ಮ ಅರಿಕೆ ಎರಡೇ. ಒಂದು, ಪರಿಚಿತನ ಪುಸ್ತಕವನ್ನು ಬಿಟ್ಟಿಯಾಗಿ ಕೇಳದೆ ಕೊಂಡುಕೊಳ್ಳಿರಿ. ಎರಡು, ಕೊಂಡದ್ದನ್ನು ವಾರಕ್ಕೊಂದು ಸಂಜೆ, ಅರ್ಧ ಗಂಟೆ, ಮಕ್ಕಳ ನಡುವೆ ಕುಳಿತು ಗಟ್ಟಿಯಾಗಿ ಓದಿರಿ. ನಮ್ಮ ಪುಸ್ತಕವೇ ಆಗಬೇಕೆಂದಿಲ್ಲ, ಯಾವುದಾದರೂ ಆದೀತು. ನಮ್ಮದೇ ಬೇಕೆನ್ನುವವರಿಗೆ ಇಂದು ಎರಡು ಗಂಟುಗಳಲ್ಲಿ ಒಂದನ್ನು ಬಿಚ್ಚಿ ತಂದು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಮೊದಲ ಪುಟದ ಎರಡು ತಪ್ಪುಗಳನ್ನು ಕೈಯಿಂದ ತಿದ್ದಿದೆ.