ನೆವದ ಮಾತು

ಮಾಡಬೇಕಾದ ಕೆಲಸವನ್ನು ಮಾಡದೆ ಬಿಟ್ಟವನು ಆಡುವ ಮಾತಿಗೆ ಕನ್ನಡದಲ್ಲಿ ಹೆಸರುಗಳು ಹೇರಳವಾಗಿವೆ. ನೆವವೆಂಬುದು ಹಳೆಯ ಮಾತು. ನೆಪವೆಂಬುದು ನಮ್ಮ ದಿನಬಳಕೆಯದು. ಸಬೂಬು, ಸಮಜಾಯಿಷಿ ಎಂಬವು ಕಚೇರಿಯ ಬಾಗಿಲಿನಿಂದ ಒಳಗೆ ಬಂದು ನಮ್ಮ ಮನೆಗಳಲ್ಲಿಯೇ ನೆಲೆಸಿಬಿಟ್ಟಿವೆ. ಕುಣಿಯಲಾರದವಳು ನೆಲ ಡೊಂಕೆಂದ ಗಾದೆಯನ್ನು ಕೇಳದವರಿಲ್ಲ. ಇಷ್ಟು ಹೆಸರುಗಳುಳ್ಳ ಪದಾರ್ಥವು ಬಳಕೆಯಲ್ಲಿಯೂ ಅಷ್ಟೇ ಹೇರಳವಾಗಿರಬೇಕು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಅದರ ಮಾದರಿಗಳಿಗೇನೂ ಕೊರತೆಯಾಗಿಲ್ಲ. ಒಬ್ಬನೇ ವಿದ್ಯಾರ್ಥಿಯ ಅಜ್ಜಿಯು ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡುದನ್ನೂ ನಾನು ಕಂಡಿದ್ದೇನೆ. ಆದರೆ ಈ ಸಂಜೆ ನಾನು ಹೇಳಹೊರಟಿರುವುದು ಮನುಷ್ಯನು ಮೇಷ್ಟರ ಮುಂದೆ ಹೇಳುವ ನೆವವನ್ನಲ್ಲ, ದೇವರ ಮುಂದೆ ಹೇಳುವ ನೆವವನ್ನು. ಕೇಳುತ್ತಿರುವವರಲ್ಲಿ ಬಹುಮಂದಿ ನನ್ನ ಮತದವರಲ್ಲವಾದುದರಿಂದ ಬೈಬಲಿನ ಕಥೆಗಳನ್ನು ತುಸು ಬಿಡಿಸಿಯೇ ಹೇಳುತ್ತೇನೆ.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಒಂದು ಸಾಮ್ಯವಿದೆ. ಗೃಹಸ್ಥನೊಬ್ಬನು ದೊಡ್ಡ ಔತಣವನ್ನು ಏರ್ಪಡಿಸಿ, ಅಡಿಗೆ ಸಿದ್ಧವಾದ ಮೇಲೆ ಅತಿಥಿಗಳನ್ನು ಕರೆತರಲು ಆಳನ್ನು ಕಳುಹಿಸುತ್ತಾನೆ. ಒಬ್ಬನು ಹೊಲವನ್ನು ಕೊಂಡಿದ್ದಾನೆ, ಹೋಗಿ ನೋಡಬೇಕು. ಇನ್ನೊಬ್ಬನು ಐದು ಜೊತೆ ಎತ್ತುಗಳನ್ನು ಕೊಂಡಿದ್ದಾನೆ, ಪರೀಕ್ಷಿಸಬೇಕು. ಮತ್ತೊಬ್ಬನಿಗೆ ಮದುವೆಯಾಗಿದೆ. ನಮ್ಮ ಹಳ್ಳಿಯ ರೈತನಿಗೆ ಇದನ್ನು ಹೇಳಿದರೆ ಎರಡನೆಯ ಅತಿಥಿಯ ಹೆಸರು ಬರುವಷ್ಟರಲ್ಲಿ ನಕ್ಕುಬಿಡುವನು. ಹಲ್ಲು ನೋಡದೆ, ಸುಳಿ ನೋಡದೆ ಒಂದು ಜೊತೆಯನ್ನಾದರೂ ಕೊಂಡವರುಂಟೆ? ಐದು ಜೊತೆಯನ್ನು ಕೊಂಡ ಮೇಲೆ ಪರೀಕ್ಷೆಯೆ? ಆದರೆ ನಗುವುದಕ್ಕಿಂತ ಮೊದಲು ಒಂದನ್ನು ಗಮನಿಸಬೇಕು. ಈ ಮೂವರಲ್ಲಿ ಒಬ್ಬನೂ ಪಡಖಾನೆಗೆ ಹೋಗಬೇಕೆಂದು ಹೇಳಲಿಲ್ಲ. ಜೂಜಿಗೆ ಹೊರಟಿದ್ದೇನೆ ಎನ್ನಲಿಲ್ಲ. ಭೂಮಿ, ಬೇಸಾಯ, ಸಂಸಾರ, ಮೂರೂ ಗೌರವಸ್ಥರ ಕೆಲಸಗಳೇ. ನೆವವು ಯಾವಾಗಲೂ ಒಗೆದ ಬಟ್ಟೆಯನ್ನುಟ್ಟೇ ಹೊರಗೆ ಬರುತ್ತದೆ.

ಒಗೆದ ಬಟ್ಟೆಯಷ್ಟೇ ಅಲ್ಲ, ಮಡಿಯುಟ್ಟು ಬರುವ ನೆವವೂ ಉಂಟು. ಇಸ್ರಾಯೇಲ್ಯರ ಮೊದಲನೆಯ ಅರಸನಾದ ಸೌಲನ ಕಥೆ ಅಂಥದು. ಅಮಾಲೇಕ್ಯರ ಮೇಲೆ ಯುದ್ಧಕ್ಕೆ ಹೋಗಿ, ಮನುಷ್ಯರನ್ನೂ ದನಕುರಿಗಳನ್ನೂ ಉಳಿಸದೆ ಎಲ್ಲವನ್ನೂ ನಾಶಮಾಡಬೇಕೆಂದು ಪ್ರವಾದಿಯಾದ ಸಮುವೇಲನ ಮೂಲಕ ಅವನಿಗೆ ಆಜ್ಞೆಯಾಗುತ್ತದೆ. ಸೌಲನು ಯುದ್ಧದಲ್ಲಿ ಗೆದ್ದನು. ಆದರೆ ಅರಸನಾದ ಅಗಾಗನನ್ನೂ ಕೊಬ್ಬಿದ ಕುರಿದನಗಳನ್ನೂ ಉಳಿಸಿ, ಕೆಲಸಕ್ಕೆ ಬಾರದವುಗಳನ್ನು ಮಾತ್ರ ನಾಶಮಾಡಿದನು. ಹಿಂದಿರುಗುವಾಗ ದಾರಿಯಲ್ಲಿ ತನಗೊಂದು ಜ್ಞಾಪಕಸ್ತಂಭವನ್ನು ನಿಲ್ಲಿಸುವುದನ್ನೂ ಮರೆಯಲಿಲ್ಲ. ಸಮುವೇಲನು ಎದುರಾದಾಗ, ದೇವರ ಅಪ್ಪಣೆಯನ್ನು ನೆರವೇರಿಸಿದೆನೆಂದು ಅವನೇ ಮುಂದಾಗಿ ಹೇಳಿದನು. ಆ ಮಾತು ಮುಗಿಯುವ ವೇಳೆಗೆ ಹಿಂದಿನಿಂದ ಕುರಿಗಳ ಅರಚಾಟ ಕೇಳಿಬರುತ್ತಿತ್ತು. ಇದೇನು ಸದ್ದು ಎಂದು ಮುದುಕನು ಕೇಳಿದನು.

ಅಲ್ಲಿಂದ ಮುಂದೆ ಸೌಲನು ಆಡುವ ಒಂದೊಂದು ಮಾತೂ ಪರೀಕ್ಷೆಗೆ ತಕ್ಕದ್ದು. ಉಳಿಸಿದವರು ಜನರು, ನಾಶಮಾಡಿದವರು ನಾವು. ಉಳಿಸಿದುದೂ ಸ್ವಂತಕ್ಕಲ್ಲ, ಬಲಿ ಅರ್ಪಿಸುವುದಕ್ಕೆ. ಯಾರಿಗೆ? ನಿನ್ನ ದೇವರಿಗೆ. ಸರ್ವನಾಮವನ್ನು ನೋಡಿ. 'ನನ್ನ ದೇವರು' ಎಂದಾಗಲಿ 'ನಮ್ಮ ದೇವರು' ಎಂದಾಗಲಿ ಅವನ ಬಾಯಿಗೆ ಬರುವುದಿಲ್ಲ. ವ್ಯಾಕರಣ ಹೇಳುವವನಿಗೆ ಇಂಥ ಕಡೆ ಕಣ್ಣು ನಿಲ್ಲುವುದು ರೂಢಿ. ಆದರೂ ಇದು ಕೇವಲ ವ್ಯಾಕರಣವಲ್ಲವೆಂದು ನನ್ನ ನಂಬಿಕೆ. ಸಮುವೇಲನು ಬಿಡದೆ ಕೇಳಿದ ಮೇಲೆ, ಜನರಿಗೆ ಅಂಜಿ ಹಾಗೆ ಮಾಡಿದೆನೆಂದು ಅವನು ಒಪ್ಪುತ್ತಾನೆ. ಆದರೆ ಒಪ್ಪಿದ ಒಡನೆಯೇ, ಹಿರಿಯರ ಮುಂದೆ ನನ್ನ ಮರ್ಯಾದೆ ಕಾಪಾಡು, ನನ್ನ ಜೊತೆಯಲ್ಲಿ ಬಾ ಎಂದು ಬೇಡಿಕೊಳ್ಳುತ್ತಾನೆ. ತಪ್ಪೊಪ್ಪಿಗೆಯೂ ಒಂದು ನೆವವಾಗಬಲ್ಲುದೆಂದು ಅದನ್ನು ಓದಿದಾಗ ನನಗೆ ಹೊಳೆಯಿತು.

ಇಲ್ಲಿ ಒಂದು ಆಕ್ಷೇಪವಿದೆ. ಅದನ್ನು ಮರೆಸಿ ಮುಂದೆ ಹೋದರೆ ನಾನೂ ನೆವ ಹೇಳಿದಂತೆಯೇ ಆದೀತು. ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲೆನ್ನುವ ಆಜ್ಞೆಯನ್ನು ಓದುವಾಗ ನನ್ನ ಮನಸ್ಸು ಕುಗ್ಗುತ್ತದೆ. ಅದಕ್ಕೆ ಪಂಡಿತರು ಕೊಡುವ ಸಮಾಧಾನಗಳಿಂದ ನನಗೆ ಪೂರ್ತಿಯಾಗಿ ಸಮಾಧಾನವಾಗಿಲ್ಲ. ಆದರೆ ಸೌಲನು ಆ ಆಜ್ಞೆಯನ್ನು ಮೀರಿದುದು ಕರುಣೆಯಿಂದಲ್ಲ. ಅವನು ಉಳಿಸಿದುದು ಕೂಸುಗಳನ್ನಲ್ಲ, ಕೊಬ್ಬಿದ ಕುರಿಗಳನ್ನು. ಇದನ್ನು ಮಾಡಲಾರೆನೆಂದು ಅವನು ದೇವರ ಎದುರಿಗೇ ನಿಂತು ಹೇಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಹಾಗೆ ನಿಂತವರು ಬೈಬಲಿನಲ್ಲಿ ಇಲ್ಲದೆ ಇಲ್ಲ. ಸೊದೋಮ್ ಪಟ್ಟಣವನ್ನು ಉಳಿಸಬೇಕೆಂದು ಅಬ್ರಹಾಮನು ದೇವರೊಡನೆ ಸಂತೆಯಲ್ಲಿ ಚೌಕಾಶಿ ಮಾಡುವಂತೆ ವಾದಿಸಿ, ಐವತ್ತು ಮಂದಿ ನೀತಿವಂತರಿಂದ ಹತ್ತು ಮಂದಿಯವರೆಗೆ ಇಳಿಸಿದನು. ದೇವರು ಅವನ ಮೇಲೆ ಸಿಟ್ಟಾಗಲಿಲ್ಲ. ವಾದ ಮಾಡುವವನು ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಾನೆ. ನೆವ ಹೇಳುವವನು ಕುರಿಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬರುತ್ತಾನೆ.

ಕೆಲವು ವರ್ಷಗಳ ಹಿಂದೆ, ಬಾಲ್ಯದಲ್ಲಿ ನನಗೆ ಇಂಗ್ಲಿಷು ಕಲಿಸಿದ ವೃದ್ಧ ಉಪಾಧ್ಯಾಯರೊಬ್ಬರು ನಮ್ಮ ಮನೆಯಿಂದ ಎರಡು ಬೀದಿಗಳಾಚೆ ಕಾಯಿಲೆಯಾಗಿ ಮಲಗಿದ್ದರು. ಹೋಗಿ ನೋಡಬೇಕೆಂದು ನನಗೆ ಗೊತ್ತಿತ್ತು. ರೋಗಿಗಳನ್ನು ನೋಡಹೋಗುವ ವಿಷಯದಲ್ಲಿ ನಮ್ಮ ಧರ್ಮದ ಅಪ್ಪಣೆ ಸ್ಪಷ್ಟವಾಗಿದೆ. ಅರ್ಥ ಹೇಳಲು ಪಂಡಿತರು ಬೇಕಾಗಿಲ್ಲ. ಆದರೆ ಆಗ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟುಗಳು ನನ್ನ ಮೇಜಿನ ಮೇಲಿದ್ದುವು. ವಹಿಸಿಕೊಂಡ ಕೆಲಸವನ್ನು ನಿಷ್ಠೆಯಿಂದ ಮಾಡುವುದೂ ದೇವರ ಸೇವೆಯೇ ಅಲ್ಲವೆ ಎಂದು ಹೇಳಿಕೊಂಡೆ. ನಿಜವಾದ ಕಾರಣ ಬೇರೆ. ಆ ಮನೆಯ ಬಡತನವನ್ನೂ ರೋಗದ ವಾಸನೆಯನ್ನೂ ಎದುರಿಸಲು ನನಗೆ ಮನಸ್ಸಿರಲಿಲ್ಲ. ಪತ್ರಿಕೆಗಳನ್ನು ಗಡುವಿಗೆ ಎರಡು ದಿನ ಮೊದಲೇ ಮುಗಿಸಿ ಕಳುಹಿಸಿದೆ. ಅಷ್ಟರಲ್ಲಿ ಅವರು ತೀರಿಹೋಗಿದ್ದರು. ನನ್ನ ಕೊಬ್ಬಿದ ಕುರಿಗಳು ಆ ಕಾಗದದ ಕಟ್ಟುಗಳು.

ಇದು ಒಬ್ಬನ ಸಣ್ಣ ಕಥೆ. ಸಮಾಜಕ್ಕೆ ಸಮಾಜವೇ ಕೂಡಿ ನೆವವನ್ನು ಕಟ್ಟಿದರೆ ಏನಾಗುವುದೆಂಬುದಕ್ಕೆ ಹದಿನೆಂಟನೆಯ ಶತಮಾನದ ಇಂಗ್ಲೆಂಡನ್ನು ನೋಡಬೇಕು. ಆಫ್ರಿಕದ ತೀರದಲ್ಲಿ ಮನುಷ್ಯರನ್ನು ಕೊಂಡು, ಅಟ್ಲಾಂಟಿಕ್ ಸಾಗರದ ಆಚೆ ಮಾರುವ ವ್ಯಾಪಾರವನ್ನು ಚರ್ಚಿಗೆ ತಪ್ಪದೆ ಹೋಗುವ ಜನರೇ ನಡೆಸುತ್ತಿದ್ದರು. ಅವರ ನೆವಗಳ ಪಟ್ಟಿ ಉದ್ದವಾದುದು. ನಾವು ಬಿಟ್ಟರೆ ಫ್ರೆಂಚರು ಮಾಡುವರು. ಅವರು ಮೊದಲೇ ಯುದ್ಧದಲ್ಲಿ ಸೆರೆಸಿಕ್ಕವರು. ನೋಹನು ಹಾಮನ ಸಂತತಿಯನ್ನು ಶಪಿಸಿದ್ದಾನೆ. ಈ ಕೊನೆಯದಂತೂ ಗ್ರಂಥವನ್ನು ತೆರೆದು ನೋಡದವರ ಮಾತು. ನೋಹನು ಶಪಿಸಿದುದು ಹಾಮನನ್ನಲ್ಲ, ಅವನ ಮಗನಾದ ಕಾನಾನನನ್ನು, ಮತ್ತು ಅಲ್ಲಿ ಆಫ್ರಿಕದವರ ಮೈಬಣ್ಣದ ಪ್ರಸ್ತಾಪವೇ ಇಲ್ಲ.

ಆ ವ್ಯಾಪಾರದಲ್ಲಿದ್ದವರಲ್ಲಿ ಜಾನ್ ನ್ಯೂಟನ್ ಎಂಬವನೊಬ್ಬನು. ವಿಜ್ಞಾನಿಯಾದ ನ್ಯೂಟನ್ನನಲ್ಲ, 'ಅಮೇಜಿಂಗ್ ಗ್ರೇಸ್' ಎಂಬ ಪ್ರಸಿದ್ಧ ಕೀರ್ತನೆಯನ್ನು ಬರೆದವನು. 1725ರಲ್ಲಿ ಹುಟ್ಟಿ, ಹಡಗುಗಳಲ್ಲಿ ಬೆಳೆದು, ಬಾಯಿಬಡುಕನೂ ದೇವದೂಷಕನೂ ಆಗಿದ್ದನು. 1748ರಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗುವಂತಾದಾಗ ದೇವರನ್ನು ಕೂಗಿಕೊಂಡನು. ಅಂದಿನಿಂದ ಅವನ ಮನಸ್ಸು ತಿರುಗಿತು. ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ, ಮನಸ್ಸು ತಿರುಗಿದೊಡನೆ ಅವನು ಆ ವ್ಯಾಪಾರವನ್ನು ಬಿಟ್ಟನೆಂಬ ಹಾಗೆ. ಬಿಡಲಿಲ್ಲ. ಅವನು ಗುಲಾಮರ ಹಡಗುಗಳಿಗೆ ಕಪ್ತಾನನಾದುದೇ ಅದರ ನಂತರ. ಭಾನುವಾರಗಳಲ್ಲಿ ಮೇಲುಗಡೆ ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದನು. ಕೆಳಗಡೆ, ಐದಡಿ ಎತ್ತರದ ಕೋಣೆಗೆ ನಡುವೆ ಅಟ್ಟ ಹಾಕಿ, ಎರಡು ಸಾಲು ಮನುಷ್ಯರನ್ನು ಸಂಕೋಲೆಯಿಟ್ಟು ಮಲಗಿಸಿತ್ತು. 1752ರ ಡಿಸೆಂಬರಿನಲ್ಲಿ, ದಂಗೆಯ ಸುಳಿವು ಸಿಕ್ಕಿ, ಕೆಲವರು ಹುಡುಗರ ಹೆಬ್ಬೆರಳುಗಳನ್ನು ಇಕ್ಕಳಕ್ಕೆ ಸಿಕ್ಕಿಸಿ ನಿಜ ಹೇಳಿಸಿದುದನ್ನು ದಿನಚರಿಯಲ್ಲಿ ಬರೆದಿದ್ದಾನೆ. ಹಾಗೆ ಸಿಕ್ಕಿಸಿದುದು ಸ್ವಲ್ಪವೇ ಎಂಬ ಅರ್ಥದ ಒಂದು ಕ್ರಿಯಾವಿಶೇಷಣವನ್ನೂ ಸೇರಿಸಿದ್ದಾನೆ. ಪ್ರಾರ್ಥನೆ ಮಾಡುವ ಮನುಷ್ಯನ ನೆವವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ.

1754ರಲ್ಲಿ ಅವನು ಸಮುದ್ರವನ್ನು ಬಿಟ್ಟನು. ಕಾರಣ ಮನಸ್ಸಾಕ್ಷಿಯಲ್ಲ, ಹಠಾತ್ತಾಗಿ ಬಂದ ಕಾಯಿಲೆ. 1764ರಲ್ಲಿ ಪಾದ್ರಿಯಾದನು. ಆ ವರ್ಷವೇ ಅಚ್ಚಾದ ಆತ್ಮಕಥೆಯಲ್ಲಿ, ಆ ವೃತ್ತಿ ಮನಸ್ಸಿಗೆ ಹಿತವಾಗಿರಲಿಲ್ಲ, ಸೆರೆಮನೆಯ ಕಾವಲುಗಾರನಂತೆ ಅನಿಸುತ್ತಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ಆದರೆ ಅದು ಧರ್ಮಸಮ್ಮತವೇ ಎಂಬ ಸಂದೇಹ ಮಾತ್ರ ತನಗೆ ಬರಲಿಲ್ಲವೆನ್ನುತ್ತಾನೆ, ದೈವವು ತನಗೆ ನೇಮಿಸಿದ ಕೆಲಸವೆಂದೇ ಭಾವಿಸಿದ್ದನಂತೆ. ಸೌಲನು ಕುರಿಗಳನ್ನು ದೇವರಿಗೆಂದು ಮೀಸಲಿಟ್ಟನು. ಇವನು ವ್ಯಾಪಾರವನ್ನೇ ದೇವರ ಲೆಕ್ಕಕ್ಕೆ ಬರೆದನು.

ಅವನು ಸುಳ್ಳು ಹೇಳಿದನೆಂದು ನನಗೆ ತೋರುವುದಿಲ್ಲ. ಅದೇ ಭಯಂಕರವಾದ ಸಂಗತಿ. ಮೊದಮೊದಲು ನೆವ ಹೇಳುವವನಿಗೆ ತಾನು ನೆವ ಹೇಳುತ್ತಿದ್ದೇನೆಂಬ ಅರಿವಾದರೂ ಇರುತ್ತದೆ. ಊರೆಲ್ಲ ಅದನ್ನೇ ಹೇಳುತ್ತಿದ್ದರೆ, ಲಾಭವೂ ಅದರ ಪಕ್ಷದಲ್ಲಿಯೇ ಇದ್ದರೆ, ಕ್ರಮೇಣ ಆ ಅರಿವೂ ಅಳಿದು, ಕುರಿಗಳು ಕಿವಿಯ ಬಳಿಯಲ್ಲಿಯೇ ಅರಚಿದರೂ ಕೇಳಿಸದಂತಾಗುತ್ತದೆ.

ನ್ಯೂಟನ್ನನಿಗೆ ಕೊನೆಗೆ ಕೇಳಿಸಿತು. ಯುವಕನಾದ ವಿಲ್ಬರ್‌ಫೋರ್ಸನು 1785ರಲ್ಲಿ ಅವನ ಬಳಿಗೆ ಸಲಹೆ ಕೇಳಲು ಬಂದಾಗ, ರಾಜಕೀಯವನ್ನು ಬಿಡಬೇಡವೆಂದು ಹೇಳಿ ಕಳುಹಿಸಿದನು. ಮುಂದೆ ಅದೇ ವಿಲ್ಬರ್‌ಫೋರ್ಸನು ಪಾರ್ಲಿಮೆಂಟಿನಲ್ಲಿ ಗುಲಾಮರ ಪಕ್ಷವನ್ನು ವಹಿಸಿದನು. 1788ರಲ್ಲಿ ನ್ಯೂಟನ್ನನು ಆ ವ್ಯಾಪಾರವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಅಚ್ಚುಮಾಡಿಸಿ, ತಾನು ಕಂಡುದನ್ನೂ ಮಾಡಿದುದನ್ನೂ ಹೇಳಿದನು.  ಹಡಗನ್ನು ಬಿಟ್ಟು ಅಷ್ಟು ಹೊತ್ತಿಗೆ 34 ವರ್ಷಗಳಾಗಿದ್ದುವು. ಅಷ್ಟು ವರ್ಷಗಳ ಕಾಲ ಅವನು ದೇವರ ಕೃಪೆಯನ್ನು ಹಾಡಿದ್ದನು, ಬೋಧಿಸಿದ್ದನು. ಇದನ್ನು ಕುರಿತು ಬಹಿರಂಗವಾಗಿ ಬಾಯಿ ಬಿಟ್ಟಿರಲಿಲ್ಲ. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯಿದೆಗೆ 1807ರ ಮಾರ್ಚಿಯಲ್ಲಿ ಅರಸನ ಒಪ್ಪಿಗೆ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ನನು ತೀರಿಕೊಂಡನು. ತನ್ನ ಹೊತ್ತಗೆಯ ಆರಂಭದಲ್ಲಿಯೇ ಅವನು, ಈ ಒಪ್ಪಿಗೆ ತಡವಾಯಿತು, ತಾನು ಕೈಹಾಕಿ ಮಾಡಿದ ಕೇಡನ್ನು ಇದರಿಂದ ಸರಿಪಡಿಸುವಂತಿಲ್ಲವೆಂಬುದನ್ನು ಒಪ್ಪಿಕೊಂಡಿದ್ದನು.