ಮೂರೂವರೆ ಅಡಿಯ ಬಾಗಿಲು



ಕಾಂಬೋಡಿಯಾದಿಂದ ಮರಳಿದಂದಿನಿಂದ, ಅಂಗ್ಕೋರ್ ವಾಟ್ ಹೇಗಿದೆ ಹೇಳಿ ಎಂದು ನಿಮ್ಮಲ್ಲಿ ಅನೇಕರು ಕೇಳುತ್ತಿದ್ದೀರಿ. ಅದು ದೊಡ್ಡದು, ನಿಜ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ್ದು. ನಡುವಿನ ಗೋಪುರ 65 ಮೀಟರ್ ಎತ್ತರ. ಕತ್ತೆತ್ತಿ ನೋಡಿ ನೋಡಿ ನಮಗೆ ಕುತ್ತಿಗೆ ನೋವು ಬಂತು. ಅಷ್ಟು ಸಾಕು. ಇಂದು ನಾವು ಹೇಳಬೇಕೆಂದಿರುವುದು ಇನ್ನೊಂದು ಗುಡಿಯ ವಿಷಯ.

ಅಂಗ್ಕೋರಿನಿಂದ ಈಶಾನ್ಯಕ್ಕೆ ಸುಮಾರು 25 ಕಿಲೋಮೀಟರ್ ದೂರ. ದಾರಿಯುದ್ದಕ್ಕೂ ಭತ್ತದ ಗದ್ದೆ, ತಾಳೆಮರ. ರಸ್ತೆಬದಿಯಲ್ಲಿ ತಾಳೆಯ ರಸ ಕಾಯಿಸಿ ಬೆಲ್ಲ ಮಾಡುತ್ತಾರೆ. ಅಲ್ಲಿ ಒಂದು ಶಿವಾಲಯವಿದೆ. ಈಗಿನ ಜನ ಬಂತೇಯ್ ಸ್ರೇಯ್ ಎನ್ನುತ್ತಾರೆ, ಹೆಣ್ಣುಮಕ್ಕಳ ಕೋಟೆ ಎಂದು ಅರ್ಥವಂತೆ. ಮೂಲದಲ್ಲಿ ಲಿಂಗದ ಹೆಸರು ತ್ರಿಭುವನಮಹೇಶ್ವರ, ಊರಿನ ಹೆಸರು ಈಶ್ವರಪುರ. ಹೊರಗೋಡೆ ನಮ್ಮ ಕರಾವಳಿಯಲ್ಲಿ ಕಾಣುವಂಥ ಜಂಬಿಟ್ಟಿಗೆ ಕಲ್ಲಿನದು. ಒಳಗಿನ ಗುಡಿಗಳು ಕೆಂಪು ಮರಳುಗಲ್ಲಿನವು. ಬೆಳಗಿನ ಬಿಸಿಲು ಬಿದ್ದಾಗ ಆಗತಾನೇ ಆರತಿ ಬೆಳಗಿದಂತೆ ಕಾಣುತ್ತವೆ. ಮೂರು ಗರ್ಭಗುಡಿ: ನಡುವಿನದೂ ದಕ್ಷಿಣದ್ದೂ ಶಿವನಿಗೆ, ಉತ್ತರದ್ದು ವಿಷ್ಣುವಿಗೆ. ನಡುವಿನ ಗೋಪುರ ಹತ್ತು ಮೀಟರೂ ಇಲ್ಲ. ಅದರ ಬಾಗಿಲು ಮೂರೂವರೆ ಅಡಿ.

ನಮ್ಮ ಜೊತೆ ಬಂದಿದ್ದ ಒಬ್ಬ ಭಕ್ತರಿಗೆ ನಿರಾಶೆಯಾಯಿತು. "ಬುದ್ಧೀ, ಇಷ್ಟು ದೂರ ಬಂದು ಇಷ್ಟು ಸಣ್ಣ ಗುಡಿ ನೋಡೋದೇ? ನಮ್ಮೂರ ಹನುಮಪ್ಪನ ಗುಡಿ ಇದಕ್ಕಿಂತ ದೊಡ್ಡದಿದೆ" ಎಂದರು. ನಾವು ನಕ್ಕೆವು. ನಮ್ಮ ಮನಸ್ಸಿನಲ್ಲೂ ಅದೇ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಆಮೇಲೆ ಅದನ್ನು ಕಟ್ಟಿಸಿದವರು ಯಾರೆಂದು ತಿಳಿಯಿತು. ಅರಸನಲ್ಲ, ಅರಸನ ಗುರು. ಯಜ್ಞವರಾಹ ಎಂದು ಹೆಸರು. ಹರ್ಷವರ್ಮ ಎಂಬ ಅರಸನ ಮೊಮ್ಮಗ; ಬಾಲ್ಯದಲ್ಲೇ ಪಟ್ಟಕ್ಕೆ ಬಂದ ಐದನೆಯ ಜಯವರ್ಮನಿಗೆ ವಿದ್ಯೆ ಕೊಟ್ಟವನು. ಸಂಸ್ಕೃತದ ಶಾಸನವೊಂದು 1936ರಲ್ಲಿ ಅಲ್ಲಿ ಸಿಕ್ಕಿದೆ. ಅದರ ಕಾಲ ಶಕ 889, ಎಂದರೆ ಕ್ರಿ.ಶ. 967. ನಮ್ಮ ಪಂಚಾಂಗದಲ್ಲಿ ಎಣಿಸುವ ಶಕವರ್ಷವನ್ನೇ ಸಮುದ್ರದಾಚೆ ಅವರೂ ಎಣಿಸುತ್ತಿದ್ದರು! ಯಜ್ಞವರಾಹನು ವೈದ್ಯ, ಸಂಗೀತ, ಜ್ಯೋತಿಷ ಬಲ್ಲವನು, ರೋಗಿಗಳಿಗೆ, ಬಡವರಿಗೆ, ಅನ್ಯಾಯಕ್ಕೆ ಸಿಕ್ಕವರಿಗೆ ನೆರವಾದವನು ಎಂದು ಶಾಸನ ಹೊಗಳುತ್ತದೆ. ಹೊಗಳಿಕೆಯನ್ನು ಬರೆಸಿದವರೇ ಹೊಗಳಿಸಿಕೊಂಡವರಲ್ಲವೇ ಎಂದು ನೀವು ಕೇಳಬಹುದು. ಕೇಳಿ. ಆದರೆ ಹೊಗಳಿಸಿಕೊಳ್ಳುವುದಕ್ಕೆ ಅವನು ಯಾವ ಗುಣಗಳನ್ನು ಆರಿಸಿದ ಎಂಬುದನ್ನೂ ನೋಡಿ. ಅರಮನೆಯ ಭಂಡಾರ ಕೈಗೆಟುಕುವಷ್ಟು ಹತ್ತಿರವಿದ್ದವನು ಎತ್ತರಕ್ಕೆ ಹೋಗಲಿಲ್ಲ, ಕೆಲಸದ ನಯಕ್ಕೆ ಹೋದ. ಅಂಗೈಯಗಲದ ಕಲ್ಲನ್ನೂ ಉಳಿ ಮುಟ್ಟದೆ ಬಿಟ್ಟಿಲ್ಲ.

ಒಂದು ಕೆತ್ತನೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ರಾವಣ ಕೈಲಾಸವನ್ನು ಅಲುಗಾಡಿಸುತ್ತಿದ್ದಾನೆ. ಹತ್ತು ತಲೆ, ಇಪ್ಪತ್ತು ತೋಳಿನ ಬಲವೆಲ್ಲ ಕೆಳಗೆ. ಮೃಗಗಳು ಓಡುತ್ತಿವೆ, ಋಷಿಗಳು ಗಾಬರಿಯಾಗಿದ್ದಾರೆ, ಪಾರ್ವತಿ ಶಿವನನ್ನು ಅಪ್ಪಿ ಹಿಡಿದಿದ್ದಾಳೆ. ಶಿವ ಮಾತ್ರ ಸುಮ್ಮನೆ ಕುಳಿತಿದ್ದಾನೆ. ಕಾಲಿನ ಹೆಬ್ಬೆರಳೊಂದನ್ನು ಒತ್ತಿದರೆ ಸಾಕು ಎಂಬುದು ಅವನಿಗೆ ಗೊತ್ತು.

ಈ ಚೆಲುವೇ ಗುಡಿಗೆ ಶತ್ರುವೂ ಆಯಿತು. ಕಾಡು ಮುಚ್ಚಿದ್ದ ಗುಡಿ 1914ರಲ್ಲಿ ಹೊರಗಿನವರ ಕಣ್ಣಿಗೆ ಬಿತ್ತು. 1923ರಲ್ಲಿ ಆಂದ್ರೆ ಮಾಲ್ರೋ ಎಂಬ ಫ್ರೆಂಚ್ ತರುಣ ಬಂದು ದೇವತೆಗಳ ಕೆತ್ತನೆಗಳನ್ನು ಗೋಡೆಯಿಂದ ಕೊಯ್ದು ಸಾಗಿಸಿದ. ದಾರಿಯಲ್ಲೇ ಸಿಕ್ಕಿಬಿದ್ದು ಶಿಕ್ಷೆಯೂ ಆಯಿತು. ಮುಂದೆ ಆತ ದೊಡ್ಡ ಲೇಖಕನಾಗಿ, 1959ರಿಂದ ಹತ್ತು ವರ್ಷ ಫ್ರಾನ್ಸಿನ ಸಂಸ್ಕೃತಿ ಮಂತ್ರಿಯೇ ಆದ, ಶಿವನ ಆಟ! 1931ರಿಂದ 1936ರವರೆಗೆ ಆನ್ರಿ ಮಾರ್ಶಾಲ್ ಎಂಬವರು, ಜಾವಾದಲ್ಲಿ ಡಚ್ಚರು ಅನುಸರಿಸಿದ ಕ್ರಮವನ್ನು ಕಲಿತು, ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಅದರದರ ಜಾಗಕ್ಕೇ ಕೂಡಿಸಿದರು. ಕದ್ದ ಕಲ್ಲುಗಳೂ ಮರಳಿ ಗೋಡೆ ಸೇರಿದವು. ಮೆಟ್ಟಿಲ ಬಳಿ ಮಂಡಿಯೂರಿ ಕುಳಿತ ಕಾವಲುಗಾರರ ವಿಗ್ರಹಗಳು ಮಾತ್ರ ಈಗ ಪ್ರತಿರೂಪಗಳು.

ಲಿಂಗವೂ ಅಲ್ಲಿಲ್ಲ, ಪೂಜೆಯೂ ಇಲ್ಲ. ನಮಗೆ ಲಿಂಗ ಅಂಗೈಯಲ್ಲೇ ಇರುವುದರಿಂದ ಬರಿದಾದ ಗರ್ಭಗುಡಿಯ ಮುಂದೆ ದುಃಖಪಡಬೇಕಾದ್ದಿರಲಿಲ್ಲ. ಆದರೂ ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಹತ್ತಿರ ಹೋಗದಂತೆ ಹಗ್ಗ ಕಟ್ಟಿದ್ದಾರೆ. ನಾವು ಹಗ್ಗದ ಈಚೆ ನಿಂತು, ಆ ಬಾಗಿಲೊಳಗೆ ನೋಡಲೆಂದು ಬಗ್ಗಿದೆವು. ಬಗ್ಗದೆ ಒಳಗಿನದು ಕಾಣುವುದೇ ಇಲ್ಲ. ಬಾಲಕ ಅರಸ ಬಂದಿದ್ದರೂ ಬಗ್ಗಿಯೇ ಒಳಗೆ ಹೋಗಬೇಕಿತ್ತು. ಕಟ್ಟಿಸಿದ ಗುರುವೂ ಅಷ್ಟೆ.

ಹಾಗೆ ಬಗ್ಗಿದಾಗ ನಮ್ಮ ಹೆಗಲ ಚೀಲ ಮುಂದಕ್ಕೆ ಜೋತುಬಿತ್ತು. ಅದರಲ್ಲಿ ಏನಿತ್ತು ಗೊತ್ತೇ? ನಮ್ಮ ಮಠದ ಹೊಸ ಮಹಾದ್ವಾರದ ನಕ್ಷೆ. ಎತ್ತರ ಅರವತ್ತಡಿ. ದಾರಿಯಲ್ಲಿ ಬಿಡುವಾದಾಗ ನೋಡೋಣವೆಂದು ಒಯ್ದಿದ್ದೆವು. ಅರವತ್ತಡಿ ಬೇಕೆಂದು ನೀವು ಯಾರೂ ಕೇಳಿರಲಿಲ್ಲ, ನಾವೇ ಹೇಳಿ ಬರೆಸಿದ್ದು. ಅದೇ ವರ್ಷ ಮಠದ ಔಷಧಾಲಯಕ್ಕೆ ಇನ್ನೆರಡು ಕೋಣೆ ಬೇಕೆಂದು ವೈದ್ಯರು ಕೇಳಿದ್ದರು. ಹಣವಿಲ್ಲ, ಮುಂದೆ ನೋಡೋಣ ಎಂದವರೂ ನಾವೇ.

ಚೀಲವನ್ನು ಹಿಂದಕ್ಕೆ ಸರಿಸಿಕೊಂಡು ಎದ್ದೆವು. ಆ ಭಕ್ತರು ಈ ಸಭೆಯಲ್ಲೇ ಇದ್ದಾರೆ, "ಯಾಕೆ ಬುದ್ಧೀ, ಸೊಂಟ ಹಿಡಿಯಿತೇ?" ಎಂದು ಕೇಳಿದರು. ಹೌದು ಎಂದೆವು.

ನಕ್ಷೆ ಈಗ ಕಚೇರಿಯ ಮೇಜಿನ ಮೇಲಿದೆ. ಪಕ್ಕದಲ್ಲಿ ಔಷಧಾಲಯದ ಕೋಣೆಗಳ ಅಂದಾಜುಪಟ್ಟಿಯನ್ನೂ ಇಡಿಸಿದ್ದೇವೆ. ಸೋಮವಾರ ಸಮಿತಿ ಸೇರುತ್ತದೆ. ಪ್ರಸಾದ ಮುಗಿಸಿಕೊಂಡು ಹೋಗುವಾಗ ಎರಡನ್ನೂ ನೋಡಿ, ನಿಮ್ಮ ಮಾತನ್ನು ಅಲ್ಲಿಯ ಪುಸ್ತಕದಲ್ಲಿ ಬರೆದು ಹೋಗಿ.