ಆಸ್ಪತ್ರೆಯಲ್ಲಿ ದೂರನ್ನು ಕೇಳುವ ಬಗೆ

(ವಾಚನಾಲಯದ ಮಾಸಿಕ ಸಭೆಯಲ್ಲಿ ಸ್ವಯಂಸೇವಕರ ಪರವಾಗಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಆಸ್ಪತ್ರೆಯ ದಾದಿಯರಿದ್ದಾರೆ, ವಾರ್ಡಿನಲ್ಲಿ ದುಡಿಯುವವರಿದ್ದಾರೆ, ವೃದ್ಧಾಶ್ರಮದ ಕೆಲಸಗಾರರೂ ಇದ್ದಾರೆ. "ಕರೆದರೆ ಯಾರೂ ಬರಲಿಲ್ಲ", "ಔಷಧ ಹೊತ್ತಿಗೆ ಸಿಗಲಿಲ್ಲ" ಎಂಬ ದೂರು ಅವರಿಗೆ ನಿತ್ಯದ್ದು. ದೂರು ಎಂದೊಡನೆ ನಮಗೆಲ್ಲ ಸಿಟ್ಟು ಬರುವುದು ಸಹಜ. ಆದರೆ ಅದನ್ನು ಕೇಳದೆ ಹೋದರೆ ಆಗುವ ಕೇಡು ಬಹು ದೊಡ್ಡದು.

ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯನ್ನೇ ನೋಡೋಣ. 2005ರಿಂದ 2009ರವರೆಗೆ ಅಲ್ಲಿ ಅನೇಕ ರೋಗಿಗಳು ಅನ್ನ ನೀರಿಗೂ ಆಸರೆಯಿಲ್ಲದೆ, ಹೊಲಸಾದ ಹಾಸಿಗೆಯಲ್ಲೇ ಬಿದ್ದಿರಬೇಕಾಯಿತು. ಮನೆಯವರು ದೂರು ಕೊಟ್ಟರೂ ವಾರ್ಡಿನ ಸ್ಥಿತಿ ಸುಧಾರಿಸಲಿಲ್ಲ. 2007ರಲ್ಲಿ ತಾಯಿಯನ್ನು ಕಳೆದುಕೊಂಡ ಜೂಲಿ ಬೈಲಿ ಎಂಬ ಮಹಿಳೆ ನೊಂದವರನ್ನು ಒಟ್ಟುಗೂಡಿಸಿ ಹೋರಾಡಿದರು. ಕೊನೆಗೆ ರಾಬರ್ಟ್ ಫ್ರಾನ್ಸಿಸರ ಸಾರ್ವಜನಿಕ ವಿಚಾರಣೆಯ ವರದಿ 2013ರ ಫೆಬ್ರವರಿಯಲ್ಲಿ ಹೊರಬಂದು, 290 ಶಿಫಾರಸುಗಳನ್ನು ಮಾಡಿತು. ಹಣಕಾಸು ಸರಿದೂಗಿಸಲೆಂದು ನೌಕರರನ್ನು ಕಡಿಮೆ ಮಾಡಿದ ಆಡಳಿತ ಮಂಡಲಿ, ರೋಗಿಗಳ ಮಾತಿಗೆ ಕಿವಿಗೊಡಲಿಲ್ಲವೆಂದು ಅದು ಸ್ಪಷ್ಟಪಡಿಸಿತು.

ಹಾಗಾದರೆ ದೂರು ಬಂದಾಗ ಮಾಡತಕ್ಕದ್ದೇನು? ಮೊದಲು, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಬೇಕು. ಎರಡನೆಯದಾಗಿ, ಹೇಳಿದವರ ಮಾತಿನಲ್ಲೇ ಬರೆದುಕೊಂಡು, ತಾರೀಖು ಹಾಕಿ, ಒಂದು ಪ್ರತಿಯನ್ನು ಅವರ ಕೈಗೆ ಕೊಡಬೇಕು. ಇಂಗ್ಲೆಂಡಿನ 2009ರ ನಿಯಮದಂತೆ, ದೂರು ತಲುಪಿತೆಂದು ಕೆಲಸದ 3 ದಿನಗಳೊಳಗೆ ತಿಳಿಸಲೇಬೇಕು. ಮೂರನೆಯದಾಗಿ, ಯಾರ ಮೇಲೆ ದೂರಿದೆಯೋ ಅವರೇ ವಿಚಾರಣೆ ಮಾಡಬಾರದು. ಆದರೆ ಅವರ ಹೇಳಿಕೆಯನ್ನೂ ಕೇಳಬೇಕು. ನಾಲ್ಕನೆಯದಾಗಿ, ತಪ್ಪು ನಡೆದಿದ್ದರೆ ಒಪ್ಪಿಕೊಂಡು, ಮುಂದೆ ಏನು ಸರಿಪಡಿಸುವೆವೆಂದು ತಿಳಿಸಬೇಕು.

ಕೊನೆಯದಾಗಿ, ತಿಂಗಳಿಗೊಮ್ಮೆ ದೂರಿನ ಪುಸ್ತಕವನ್ನು ತಿರುವಿ ನೋಡಬೇಕು. ನಮ್ಮ ಗಿರಣಿಯಲ್ಲಿ ಒಂದೇ ಮಗ್ಗದಿಂದ ಮತ್ತೆ ಮತ್ತೆ ದೋಷದ ಬಟ್ಟೆ ಬಂದರೆ, ನೇಕಾರನನ್ನು ಬೈದು ಸುಮ್ಮನಾಗುವುದಿಲ್ಲ, ಮಗ್ಗವನ್ನೇ ಪರೀಕ್ಷಿಸುತ್ತೇವೆ. ಹಾಗೆಯೇ ಒಂದೇ ವಾರ್ಡಿನಿಂದ ಒಂದೇ ದೂರು ಬರುತ್ತಿದ್ದರೆ, ಅಲ್ಲಿ ರಾತ್ರಿ ಪಾಳಿಗೆ ಎಷ್ಟು ಜನರಿದ್ದಾರೆಂದು ನೋಡಬೇಕು.

ಮುಂಬಯಿಯ ದೊಡ್ಡ ಆಸ್ಪತ್ರೆಗಳಿಗೆ ಊರಿನಿಂದ ಬರುವ ನಮ್ಮವರಲ್ಲಿ ಅನೇಕರು ದೂರು ಕೊಡುವುದೇ ಇಲ್ಲ. ಒಂದು ಭಾಷೆಯ ತೊಡಕು. ಇನ್ನೊಂದು, "ರೋಗಿ ಇನ್ನೂ ಅವರ ಕೈಯಲ್ಲಿದ್ದಾನೆ, ಮಾತಾಡಿದರೆ ಏನಾದೀತೋ" ಎಂಬ ಅಂಜಿಕೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ 17 ಹಕ್ಕುಗಳಿವೆ. ಅಹವಾಲು ಹೇಳಿ ಪರಿಹಾರ ಕೇಳುವುದೂ ಅವುಗಳಲ್ಲಿ ಒಂದು. ದೂರಿದ ಕಾರಣಕ್ಕೆ ರೋಗಿಯ ಆರೈಕೆಯಲ್ಲಿ ಎಳ್ಳಷ್ಟೂ ಕೊರತೆಯಾಗದಂತೆ ನೋಡಿಕೊಳ್ಳುವುದು ಆಸ್ಪತ್ರೆಯಲ್ಲಿ ದುಡಿಯುವ ಬಾಂಧವರ ಕೈಯಲ್ಲಿದೆ.

ಅರ್ಜಿ ಬರೆಯಲು ಬಾರದವರನ್ನು ಭಾನುವಾರ ಇಲ್ಲಿಗೆ ಕಳುಹಿಸಿರಿ. ನಾವು ಸ್ವಯಂಸೇವಕರು ಬರೆದುಕೊಡುತ್ತೇವೆ.